ಬೆಂಜೀನ್ ಉಂಗುರದಲ್ಲಿ ದಾರಿ ಎರಡಿದ್ದರೂ ಕರೆಂಟ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಅಣು ತಂತಿಗಳ ವಿಷಯ, ಅಂದರೆ ಒಂದೊಂದೇ ಅಣುವಿನ ಮೂಲಕ ಕರೆಂಟ್ ಹಾಯಿಸುವುದು, ತೆಗೆದುಕೊಂಡಿದ್ದೇನೆ. ಆರು ಇಂಗಾಲಗಳ ಉಂಗುರವಾದ ಬೆಂಜೀನಿನ ಪೈ ಎಲೆಕ್ಟ್ರಾನ್‌ಗಳು, ಅಂದರೆ ಒಂದೇ ಬಂಧಕ್ಕೆ ಕಟ್ಟುಬೀಳದವು, ಉಂಗುರದ ತುಂಬಾ ಸುತ್ತುತ್ತಿರುತ್ತವೆ ಅಂತ ಓದುತ್ತಲೇ ಬಂದಿದ್ದೇನೆ. ಹಾಗಾದರೆ ಅದು ಒಳ್ಳೆಯ ವಾಹಕ ಆಗಬೇಕು ಅಲ್ವಾ ಮೇಡಂ? ಉಂಗುರದ ಎರಡು ಕಡೆ ಚಿನ್ನ ಜೋಡಿಸಿದರೆ ಕರೆಂಟಿಗೆ ಎರಡು ದಾರಿ ಸಿಗುತ್ತದೆ. ಪ್ಯಾರಲಲ್ ರೋಧದ ಲೆಕ್ಕ ಹಾಕಿದರೆ 1,4 ಜೋಡಣೆಗಿಂತ (ಎದುರುಬದುರಿನ ಇಂಗಾಲಗಳು) 1,3 ಜೋಡಣೆಯಲ್ಲೇ (ನಡುವೆ ಒಂದು ಬಿಟ್ಟು ಮುಂದಿನ ಇಂಗಾಲ) ಕರೆಂಟ್ ಜಾಸ್ತಿ ಬರಬೇಕು. ಆದರೆ ನಾನು ಓದಿದ ಪ್ರಬಂಧಗಳೆಲ್ಲ ಉಲ್ಟಾ ಹೇಳುತ್ತವೆ. ಒಂದೇ ಅಣುವಿನಲ್ಲಿ ಅಷ್ಟು ಕರೆಂಟ್ ಹೋದರೆ ಅದು ಸುಟ್ಟು ಹೋಗುತ್ತದೆ, ಈ ಅಳತೆಗಳನ್ನೇ ನಂಬೋಕಾಗಲ್ಲ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ನನಗೆ ಪೋರ್ಫಿರಿನ್ ಎಂಬ ಅಗಲವಾದ ಅಣುಗಳನ್ನು ಪೋಣಿಸಿದ ದೊಡ್ಡ ಉಂಗುರದ ಮೇಲೆ ಕೆಲಸ ಮಾಡುವ ಆಸೆ. ಕೈಯಲ್ಲಿರುವುದು ಒಂಬತ್ತು ತಿಂಗಳು. ಏನು ಮಾಡಲಿ?

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಬಂಧಕ್ಕೆ ಒಂದು ಓಮ್ ಅಂತ ಇಟ್ಟುಕೊಳ್ಳಿ. 1,4 ಜೋಡಣೆಯಲ್ಲಿ ಎರಡೂ ಕಡೆ ಮೂರು ಮೂರು ಬಂಧ, ಒಟ್ಟು ರೋಧ 1.5 ಓಮ್. 1,3ರಲ್ಲಿ ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು, ಒಟ್ಟು 1.33 ಓಮ್. ತಾಮ್ರದ ತಂತಿಯನ್ನು ಬಗ್ಗಿಸಿ ಉಂಗುರ ಮಾಡಿ ಅಳೆದರೆ ನಿಮ್ಮ ಉತ್ತರವೇ ಬರುತ್ತದೆ. ಎಡವಿದ್ದು ಅದಕ್ಕೂ ಮುಂಚೆ. ಅಣುವನ್ನು ತುಂಬಾ ತೆಳ್ಳಗಿನ ತಂತಿ ಅಂದುಕೊಂಡಿರಿ. ‘ಅಣು ತಂತಿ’ ಎಂಬ ಹೆಸರೇ ಹಾಗೆ ದಾರಿ ತಪ್ಪಿಸುತ್ತದೆ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ.

‘ಸುತ್ತುತ್ತಿರುತ್ತವೆ’ ಎಂಬ ಮಾತಿನಿಂದಲೇ ಶುರು ಮಾಡೋಣ. ಬೆಂಜೀನಿನ ಆರು ಪೈ ಎಲೆಕ್ಟ್ರಾನ್‌ಗಳು ಉಂಗುರದ ತುಂಬಾ ಹರಡಿಕೊಂಡಿರುವುದು ನಿಜ. ಆದರೆ ಅಣು ಸುಮ್ನೆ ಇರುವಾಗ ಅವು ಯಾವ ಕಡೆಗೂ ಸುತ್ತುತ್ತಿರುವುದಿಲ್ಲ. ಕಾಂತಕ್ಷೇತ್ರದಲ್ಲಿಟ್ಟಾಗ ಮಾತ್ರ ಉಂಗುರದಲ್ಲಿ ಒಂದು ಸುತ್ತು ಕರೆಂಟ್ ಹುಟ್ಟುತ್ತದೆ. ಅಣುವನ್ನು ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸಂಕೇತ ನೋಡುವ ಎನ್‌ಎಂಆರ್‌ನಲ್ಲಿ ಬೆಂಜೀನಿನ ಹೈಡ್ರೋಜನ್ 7.3 ಪಿಪಿಎಂ ಹತ್ತಿರ ಕಾಣಿಸಿಕೊಳ್ಳುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಮಾಮೂಲಿ ಡಬಲ್ ಬಾಂಡಿನ ಹೈಡ್ರೋಜನ್ 5ರಿಂದ 6ರ ನಡುವೆ ಬರುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆ ಸುತ್ತು ಕರೆಂಟ್. ಅದು ಅಣುವಿನ ಒಳಗೇ ಹುಟ್ಟಿ ಒಳಗೇ ಇರುತ್ತದೆ. ಚಿನ್ನದಿಂದ ಒಂದು ಎಲೆಕ್ಟ್ರಾನ್ ಒಳಗೆ ಬಂದು ಇನ್ನೊಂದು ಕಡೆ ಹೊರಗೆ ಹೋಗುವುದು ಬೇರೆಯದೇ ಸಂಗತಿ.

ಹೊರಗಿನ ಎಲೆಕ್ಟ್ರಾನ್‌ಗೆ ಬೆಂಜೀನಿನಲ್ಲಿ ಜಾಗವೇ ಇಲ್ಲ. ತುಂಬಿದ ಮಟ್ಟಗಳು ಕೆಳಗಿವೆ, ಖಾಲಿ ಮಟ್ಟಗಳು ತುಂಬಾ ಮೇಲಿವೆ. ಬೆಂಜೀನ್ ಬೆಳಕು ಹೀರುವುದು 255 ನ್ಯಾನೋಮೀಟರ್ ಆಸುಪಾಸಿನ ನೇರಳಾತೀತದಲ್ಲಿ. ಅಂದರೆ ಸುಮಾರು 4.9 ಎಲೆಕ್ಟ್ರಾನ್ ವೋಲ್ಟ್. ಚಿನ್ನದ ಎಲೆಕ್ಟ್ರಾನ್‌ಗಳು ಬಂದು ನಿಲ್ಲುವ ಶಕ್ತಿ, ಅಂದರೆ ಫರ್ಮಿ ಮಟ್ಟ, ಈ ದೊಡ್ಡ ಕಂದಕದ ನಡುವೆ ಎಲ್ಲೋ ಬರುತ್ತದೆ. ಹತ್ತಿ ಕೂರಲು ಮೆಟ್ಟಿಲಿಲ್ಲ. ಹಾಗಾಗಿ ಎಲೆಕ್ಟ್ರಾನ್ ಅಣುವಿನಲ್ಲಿ ನಿಲ್ಲದೆ ಒಂದೇ ಸಲಕ್ಕೆ ಆಚೆ ದಾಟುತ್ತದೆ. ಇದೇ ಟನೆಲಿಂಗ್.

ಆರೊಮ್ಯಾಟಿಕ್ ಉಂಗುರ, ಅಂದರೆ ಬೆಂಜೀನಿನ ಹಾಗೆ ಹರಡಿದ ಎಲೆಕ್ಟ್ರಾನ್‌ಗಳಿಂದ ಗಟ್ಟಿಯಾದ ಉಂಗುರ, ಒಳ್ಳೆಯ ವಾಹಕ ಎಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಿ. ರಸಾಯನಶಾಸ್ತ್ರಜ್ಞ ರೊನಾಲ್ಡ್ ಬ್ರೆಸ್ಲೋ ಬಹಳ ಕಾಲದಿಂದ ಇದಕ್ಕೆ ವಿರುದ್ಧವಾದ ಮಾತು ಹೇಳುತ್ತಿದ್ದರು. ಅವರೂ ಲತಾ ವೆಂಕಟರಾಮನ್ ಅವರ ತಂಡವೂ ಸೇರಿ 2014ರಲ್ಲಿ ಅದನ್ನು ಅಳೆದು ತೋರಿಸಿದರು. ಥಯೋಫೀನ್, ಫ್ಯೂರಾನ್, ಸೈಕ್ಲೋಪೆಂಟಡೈಯೀನ್, ಮೂರೂ ಐದು ಮೂಲೆಯ ಉಂಗುರಗಳು. ಆರೊಮ್ಯಾಟಿಕ್ ಗುಣ ಕಡಿಮೆಯಾದ ಹಾಗೆ ವಾಹಕತೆ ಹೆಚ್ಚಿತು. ಯೋಚಿಸಿ ನೋಡಿದರೆ ಅದು ಸಹಜವೇ. ತನ್ನ ಎಲೆಕ್ಟ್ರಾನ್‌ಗಳ ಜೊತೆ ನೆಮ್ಮದಿಯಾಗಿರುವ ಉಂಗುರ ಹೊರಗಿನವರಿಗೆ ಸುಲಭವಾಗಿ ದಾರಿ ಬಿಡುವುದಿಲ್ಲ.

ಈಗ ನಿಮ್ಮ 1,3ರ ಒಗಟು. ದಾಟುವ ಎಲೆಕ್ಟ್ರಾನ್ ಅಲೆಯ ಹಾಗೆ ನಡೆದುಕೊಳ್ಳುತ್ತದೆ. ಅದು ಎರಡು ದಾರಿಯಲ್ಲಿ ಒಂದನ್ನು ಆರಿಸಿಕೊಳ್ಳುವುದಿಲ್ಲ, ಎರಡರಲ್ಲೂ ಒಟ್ಟಿಗೆ ಹೋಗುತ್ತದೆ. ಆಚೆ ತುದಿಯಲ್ಲಿ ಎರಡೂ ಅಲೆ ಕೂಡುತ್ತವೆ. ಉಬ್ಬಿಗೆ ಉಬ್ಬು ಸೇರಿದರೆ ದೊಡ್ಡದಾಗುತ್ತದೆ, ಉಬ್ಬಿಗೆ ತಗ್ಗು ಸೇರಿದರೆ ಅಳಿಸಿ ಹೋಗುತ್ತದೆ. ಪೈ ಎಲೆಕ್ಟ್ರಾನ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಸರಳ ಹ್ಯೂಕೆಲ್ ಚಿತ್ರದಲ್ಲಿ, ಕಂದಕದ ನಟ್ಟನಡುವಿನ ಶಕ್ತಿಯಲ್ಲಿ, ಈ ಅಲೆಯ ಉದ್ದ ನಾಲ್ಕು ಬಂಧಗಳಷ್ಟು. ಈಗ ಎಣಿಸಿ. 1,4ರಲ್ಲಿ ಮೂರು ಬಂಧ ಮತ್ತು ಮೂರು ಬಂಧ, ವ್ಯತ್ಯಾಸ ಸೊನ್ನೆ, ಅಲೆಗಳು ಕೂಡುತ್ತವೆ. 1,2ರಲ್ಲಿ ಒಂದು ಮತ್ತು ಐದು, ವ್ಯತ್ಯಾಸ ನಾಲ್ಕು ಬಂಧ, ಅಂದರೆ ಪೂರ್ತಿ ಒಂದು ಅಲೆ, ಇಲ್ಲೂ ಕೂಡುತ್ತವೆ. 1,3ರಲ್ಲಿ ಎರಡು ಮತ್ತು ನಾಲ್ಕು, ವ್ಯತ್ಯಾಸ ಎರಡು ಬಂಧ, ಅಂದರೆ ಅರ್ಧ ಅಲೆ. ಒಂದು ದಾರಿಯಲ್ಲಿ ಬಂದದ್ದನ್ನು ಇನ್ನೊಂದು ದಾರಿಯಲ್ಲಿ ಬಂದದ್ದು ಅಳಿಸಿಹಾಕುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಆರು ಸಾಲು, ಆರು ಕಂಬಗಳ ಮ್ಯಾಟ್ರಿಕ್ಸ್ ಬರೆಯಿರಿ. ಪಕ್ಕಪಕ್ಕದ ಇಂಗಾಲಗಳಿಗೆ 1, ಉಳಿದಲ್ಲೆಲ್ಲ 0. ಅದರ ವಿಲೋಮ ಕಂಡುಹಿಡಿಯಿರಿ. ಆರು ಚಿಕ್ಕ ಸಮೀಕರಣಗಳು, ಹತ್ತು ನಿಮಿಷದ ಕೆಲಸ. 1,2ರ ಜಾಗದಲ್ಲಿ ಅರ್ಧ ಬರುತ್ತದೆ. 1,4ರ ಜಾಗದಲ್ಲಿ ಮೈನಸ್ ಅರ್ಧ. 1,3ರ ಜಾಗದಲ್ಲಿ ಸೊನ್ನೆ. ವಾಹಕತೆ ಈ ಸಂಖ್ಯೆಯ ವರ್ಗದ ಜೊತೆ ಹೋಗುತ್ತದೆ, ಹಾಗಾಗಿ ಮೈನಸ್ ಚಿಹ್ನೆಯಿಂದ ತೊಂದರೆ ಇಲ್ಲ. ಈ ಸೊನ್ನೆಯನ್ನು ಮೊದಲ ಸಲ ಕೈಯಾರೆ ಬರೆದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಅಷ್ಟು ದೊಡ್ಡ ಪ್ರಯೋಗಗಳ ಉತ್ತರ ಒಂದು ಪುಟದಲ್ಲಿ ಕೂತಿತ್ತು.

ಪ್ರಯೋಗದಲ್ಲಿ ಮಾತ್ರ ಪೂರ್ತಿ ಸೊನ್ನೆ ಸಿಗುವುದಿಲ್ಲ. ಪರಮಾಣುಗಳನ್ನು ನೇರವಾಗಿ ಜೋಡಿಸುವ ಸಿಗ್ಮಾ ಬಂಧಗಳ ಮೂಲಕ ಸ್ವಲ್ಪ ಸೋರುತ್ತದೆ. ಫರ್ಮಿ ಮಟ್ಟ ಸರಿಯಾಗಿ ನಡುವೆಯೇ ಇರಬೇಕೆಂದಿಲ್ಲ. ಅಣು ಅಲುಗಾಡುತ್ತಲೂ ಇರುತ್ತದೆ. ಆದರೂ ಮೂರು ಉಂಗುರದ ಅಣುವಿನಲ್ಲಿ ನಡುವಿನ ಉಂಗುರವನ್ನು 1,4ರಿಂದ 1,3ಕ್ಕೆ ಬದಲಿಸಿದರೆ ವಾಹಕತೆ ಹತ್ತರಿಂದ ನೂರು ಪಟ್ಟಿನವರೆಗೆ ಇಳಿಯುತ್ತದೆ. ಪರಮಾಣುಗಳು ಅಷ್ಟೇ, ಬಂಧಗಳ ಜಾತಿಯೂ ಅದೇ. ನಡುವಿನ ಉಂಗುರಕ್ಕೆ ಪಕ್ಕದವು ಸೇರುವ ಜಾಗ ಮಾತ್ರ ಬೇರೆ.

ಅಲೆ ಕೂಡಿದಾಗ ಏನಾಗುತ್ತದೆ ಎಂಬುದಕ್ಕೂ ಅಳತೆ ಇದೆ. ಒಂದೇ ತರದ ಎರಡು ದಾರಿ ಇರುವ ಅಣುವನ್ನೂ ಒಂದೇ ದಾರಿಯ ಅಣುವನ್ನೂ 2012ರಲ್ಲಿ ಹೋಲಿಸಿ ನೋಡಿದರು. ಪ್ಯಾರಲಲ್ ರೋಧದ ಲೆಕ್ಕದಲ್ಲಿ ಎರಡು ಪಟ್ಟು ಬರಬೇಕು. ಬಂದದ್ದು ಎರಡಕ್ಕಿಂತ ಜಾಸ್ತಿ. ಎರಡು ಅಲೆ ಕೂಡಿದರೆ ಎತ್ತರ ಎರಡು ಪಟ್ಟು, ಅದರ ವರ್ಗ ನಾಲ್ಕು ಪಟ್ಟು. ಅಷ್ಟರವರೆಗೆ ಹೋಗಲು ಅವಕಾಶವಿದೆ.

ಉದ್ದದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಪೋರ್ಫಿರಿನ್ ಮೇಲೆ ನಿಮಗಿರುವ ಆಸೆಗೆ ಇದರಲ್ಲಿ ಒಳ್ಳೆಯ ಕಾರಣವಿದೆ. ಟನೆಲಿಂಗ್‌ನಲ್ಲಿ ಉದ್ದ ಹೆಚ್ಚಿದ ಹಾಗೆ ವಾಹಕತೆ ಗುಣಾಕಾರದ ಲೆಕ್ಕದಲ್ಲಿ ಬೀಳುತ್ತದೆ. ಆಲ್ಕೇನ್ ಸರಪಳಿಯಲ್ಲಿ ಒಂದೊಂದು ಇಂಗಾಲ ಸೇರಿಸಿದಾಗಲೂ ಸುಮಾರು 2.7 ಪಟ್ಟು ಕುಸಿತ. ನಾಲ್ಕು ಸೇರಿಸಿದರೆ ಐವತ್ತು ಪಟ್ಟು ಹೋಯಿತು. ಬೆಂಜೀನ್ ಉಂಗುರಗಳ ಸರಪಳಿಯಲ್ಲಿ ಉಂಗುರಕ್ಕೆ ಐದಾರು ಪಟ್ಟು. ಪಕ್ಕದ ಉಂಗುರಗಳು ಒಂದಕ್ಕೊಂದು ತಿರುಚಿಕೊಂಡರೆ ವಾಹಕತೆ ಇನ್ನೂ ಕಡಿಮೆ. ಆ ತಿರುಚು ಕೋನದ ಕೊಸೈನ್‌ನ ವರ್ಗಕ್ಕೆ ತಕ್ಕಂತೆ ವಾಹಕತೆ ಬದಲಾಗುತ್ತದೆ ಎಂದು 2006ರಲ್ಲೇ ಅಳೆದಿದ್ದಾರೆ. ಪೋರ್ಫಿರಿನ್ ಸರಪಳಿಯಲ್ಲಿ ಮಾತ್ರ ಒಂದು ನ್ಯಾನೋಮೀಟರ್ ಉದ್ದ ಹೆಚ್ಚಿಸಿದರೂ ಕುಸಿತ ಸುಮಾರು ಒಂದೂವರೆ ಪಟ್ಟು ಅಷ್ಟೇ. ಹೋಲಿಸಿ ನೋಡಿ, ಎಂಥ ವ್ಯತ್ಯಾಸ!

ತುಂಬಾ ಉದ್ದವಾದರೆ ದಾಟುವ ಬಗೆಯೇ ಬದಲಾಗುತ್ತದೆ. ಎಲೆಕ್ಟ್ರಾನ್ ಅಣುವಿನ ಒಂದು ಭಾಗದಲ್ಲಿ ಇಳಿದು, ಅಲ್ಲಿಂದ ಮುಂದಿನ ಭಾಗಕ್ಕೆ ಜಿಗಿಯುತ್ತದೆ. ಇದು ಹಾಪಿಂಗ್. ಇದಕ್ಕೆ ಬಿಸಿ ಬೇಕು, ಟನೆಲಿಂಗ್‌ಗೆ ಹೆಚ್ಚುಕಡಿಮೆ ಬೇಡ. ಡೇನಿಯಲ್ ಫ್ರಿಸ್ಬಿ ಅವರ ತಂಡ 2008ರಲ್ಲಿ ಒಂದು ಜಾತಿಯ ಇಮೀನ್ ತಂತಿಗಳನ್ನು ಉದ್ದ ಮಾಡುತ್ತ ಹೋಗಿ, ಸುಮಾರು 4 ನ್ಯಾನೋಮೀಟರ್ ಹತ್ತಿರ ಈ ಬದಲಾವಣೆ ಕಂಡಿತು. ಅಲೆಗಳು ಕೂಡುವುದು, ಅಳಿಸುವುದು ಎಲ್ಲ ಟನೆಲಿಂಗ್ ಲೋಕದ ಮಾತು. ಎಲೆಕ್ಟ್ರಾನ್ ನಡುವೆ ಇಳಿದು ಕೂತರೆ ಅಲೆಯ ಲೆಕ್ಕ ತಪ್ಪುತ್ತದೆ. ನಿಮ್ಮ ಉಂಗುರ ದೊಡ್ಡದಾದಷ್ಟೂ ಈ ಅಪಾಯ ಹತ್ತಿರ.

ಗೆಳೆಯರ ಮಾತಿಗೆ ಬರೋಣ. ಅಣು ಸುಟ್ಟು ಹೋಗುತ್ತದೆಯೇ? ಚಿನ್ನಕ್ಕೆ ಅಂಟಿಕೊಳ್ಳಲು ಎರಡು ತುದಿಗೂ ಅಮೀನ್ ಕೊಕ್ಕೆ, ಅಂದರೆ ಸಾರಜನಕದ ಗುಂಪು, ಇರುವ ಬೆಂಜೀನಿನ (1,4) ರೋಧ ಸುಮಾರು 20 ಲಕ್ಷ ಓಮ್. 0.1 ವೋಲ್ಟ್ ಕೊಟ್ಟರೆ 50 ನ್ಯಾನೋಆಂಪಿಯರ್ ಹೋಗುತ್ತದೆ. ಚಿಕ್ಕದಾಗಿ ಕೇಳಿಸುತ್ತದೆ. ಆದರೆ ಅದು ಸೆಕೆಂಡಿಗೆ ಸುಮಾರು 31 ಸಾವಿರ ಕೋಟಿ ಎಲೆಕ್ಟ್ರಾನ್, ಒಂದೇ ಅಣುವಿನ ಮೂಲಕ! ಅಡ್ಡಳತೆಗೆ ಹೋಲಿಸಿದರೆ ತಾಮ್ರದ ತಂತಿಯಲ್ಲಿ ನಾವು ಬಿಡುವ ಕರೆಂಟಿಗಿಂತ ಹತ್ತಾರು ಸಾವಿರ ಪಟ್ಟು. ಆದರೂ ಅಣು ಉಳಿಯುತ್ತದೆ. ಯಾಕೆಂದರೆ ಎಲೆಕ್ಟ್ರಾನ್ ಅಲ್ಲಿ ನಿಲ್ಲುವುದೇ ಇಲ್ಲ, ತನ್ನ ಶಕ್ತಿಯನ್ನು ಬಹುಪಾಲು ಆಚೆಯ ಚಿನ್ನಕ್ಕೆ ಹೋದ ಮೇಲೆ ಬಿಡುತ್ತದೆ. ವೋಲ್ಟೇಜನ್ನು ಒಂದರ ಮೇಲೆ ಏರಿಸುತ್ತ ಹೋದರೆ ಗೆಳೆಯರ ಮಾತು ನಿಜವಾಗುತ್ತದೆ, ಜೋಡಣೆ ಕಿತ್ತು ಹೋಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಹೆದರಬೇಕಿಲ್ಲ.

ನಂಬಿಕೆಯ ಪ್ರಶ್ನೆ ಇದಕ್ಕಿಂತ ಭಾರವಾದದ್ದು. ಈ ಕ್ಷೇತ್ರ ಒಮ್ಮೆ ನಿಜಕ್ಕೂ ಪೆಟ್ಟು ತಿಂದಿದೆ. ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್ ಪ್ರಕಟಿಸಿದ್ದ ಫಲಿತಾಂಶಗಳು ಸುಳ್ಳು ಎಂದು 2002ರ ತನಿಖೆ ಹೇಳಿತು. ಅವುಗಳಲ್ಲಿ ಅಣು ಟ್ರಾನ್ಸಿಸ್ಟರ್‌ಗಳೂ ಇದ್ದವು. ಮೋಸವಿಲ್ಲದ ಅಳತೆಗಳೂ ಆಗ ಒಂದಕ್ಕೊಂದು ಹೊಂದುತ್ತಿರಲಿಲ್ಲ. 1997ರಲ್ಲಿ ಮಾರ್ಕ್ ರೀಡ್, ಜೇಮ್ಸ್ ಟೂರ್ ತಂಡ ಎರಡು ತುದಿಗೂ ಗಂಧಕದ ಕೊಕ್ಕೆ (ಥಯಾಲ್) ಇರುವ ಬೆಂಜೀನ್ ಡೈಥಯಾಲ್ ಅಣುವನ್ನು ಚಿನ್ನದ ನಡುವೆ ಅಳೆದ ಮೇಲೆ, ಅದೇ ಅಣುವಿಗೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳಿದರು. ಗಂಧಕ ಚಿನ್ನಕ್ಕೆ ಹತ್ತಾರು ರೀತಿಯಲ್ಲಿ ಅಂಟಿಕೊಳ್ಳುತ್ತದೆ, ಒಂದೊಂದು ರೀತಿಗೂ ಒಂದೊಂದು ವಾಹಕತೆ.

ದಾರಿ ತೆರೆದದ್ದು 2003ರಲ್ಲಿ. ಬಿಂಗ್‌ಕಿಯಾನ್ ಷು ಮತ್ತು ನಾಂಗ್‌ಜಿಯಾನ್ ಟಾವೊ ಒಂದೇ ಅಳತೆಯನ್ನು ಸಾವಿರಾರು ಸಲ ಮಾಡುವ ವಿಧಾನ ತಂದರು. ಎಸ್‌ಟಿಎಂ ಎಂಬ, ಚೂಪು ಮೊನೆಯಿಂದ ಪರಮಾಣು ಮಟ್ಟದಲ್ಲಿ ಮೇಲ್ಮೈ ನೋಡುವ ಉಪಕರಣದ ಚಿನ್ನದ ಮೊನೆಯನ್ನು ಚಿನ್ನದ ಹಾಳೆಗೆ ಒತ್ತಿ, ಮೆಲ್ಲಗೆ ಮೇಲಕ್ಕೆಳೆಯುತ್ತಾರೆ. ಚಿನ್ನ ಎಳೆಎಳೆಯಾಗಿ ತೆಳುವಾಗುತ್ತದೆ. ಕೊನೆಗೆ ಒಂದೇ ಪರಮಾಣು ಉಳಿದಾಗ ವಾಹಕತೆ 77.5 ಮೈಕ್ರೋಸೀಮೆನ್ಸ್ ಹತ್ತಿರ ಒಂದು ಮೆಟ್ಟಿಲಿನಂತೆ ನಿಲ್ಲುತ್ತದೆ. ಆಮೇಲೆ ಅದು ಕಡಿದು, ಆ ಸಂದಿಯಲ್ಲಿ ಒಂದು ಅಣು ಸಿಕ್ಕಿಕೊಂಡರೆ ಕೆಳಗೆ ಇನ್ನೊಂದು ಪುಟ್ಟ ಮೆಟ್ಟಿಲು ಕಾಣುತ್ತದೆ. ಒಂದು ಗ್ರಾಫ್ ನಂಬಬೇಡಿ. ಸಾವಿರಾರು ಗ್ರಾಫ್ ಸೇರಿಸಿ, ಯಾವ ವಾಹಕತೆ ಎಷ್ಟು ಸಲ ಬಂತು ಎಂದು ತೋರಿಸುವ ಹಿಸ್ಟೋಗ್ರಾಂ ಮಾಡಿದಾಗ ಎದ್ದು ಕಾಣುವ ಗುಡ್ಡವನ್ನು ನಂಬಿ. 2006ರಲ್ಲಿ ಥಯಾಲ್ ಬದಲು ಅಮೀನ್ ಕೊಕ್ಕೆ ಬಳಸಿದಾಗ ಆ ಗುಡ್ಡ ಇನ್ನೂ ಕಿರಿದಾಯಿತು. ಬೇರೆ ಬೇರೆ ಕಡೆ ಅಳೆದವರಿಗೆ ಹತ್ತಿರ ಹತ್ತಿರದ ಸಂಖ್ಯೆ ಬರತೊಡಗಿತು. ಹಾಗಾಗಿ ನಂಬಬಹುದು, ಮುಖ್ಯವಾಗಿ ಎರಡು ಅಣುಗಳ ಹೋಲಿಕೆಯನ್ನು. ನಾಳೆಯೇ ಸಿಲಿಕಾನ್ ಚಿಪ್ ಜಾಗಕ್ಕೆ ಅಣು ಬರುತ್ತದೆ ಅನ್ನುವವರನ್ನು ಮಾತ್ರ ನಂಬಬೇಡಿ. ಅಣು ಡಯೋಡ್‌ನ ಯೋಚನೆಯನ್ನು ಅವಿರಾಮ್ ಮತ್ತು ರಾಟ್ನರ್ ಬರೆದದ್ದು 1974ರಲ್ಲಿ. ಇವತ್ತಿಗೂ ಕೋಣೆಯ ಉಷ್ಣತೆಯಲ್ಲಿ ಇಂಥ ಎಸ್‌ಟಿಎಂ ಜೋಡಣೆಯೊಂದು ಸೆಕೆಂಡಿನ ಚೂರು ಹೊತ್ತು ನಿಂತರೆ ನಾವು ಸಮಾಧಾನ ಪಡುತ್ತೇವೆ.

ಇನ್ನು ನಿಮ್ಮ ಪೋರ್ಫಿರಿನ್ ಉಂಗುರ. ಹ್ಯಾರಿ ಆಂಡರ್ಸನ್ ಅವರ ಗುಂಪು ಮಾಡುವ ಆರು ಪೋರ್ಫಿರಿನ್‌ಗಳ ಉಂಗುರ ನೋಡಲು ಎಷ್ಟು ಚೆಂದ ಅಂದರೆ ಯಾರಿಗೂ ಆಸೆಯಾಗುತ್ತದೆ. ಅಡ್ಡಳತೆ ಸುಮಾರು 2.4 ನ್ಯಾನೋಮೀಟರ್. ನಡುವೆ ಆರು ಕೈಗಳ ಒಂದು ಅಚ್ಚು ಅಣು ಇಟ್ಟು, ಅದರ ಸುತ್ತ ಪೋರ್ಫಿರಿನ್‌ಗಳನ್ನು ಕೂರಿಸಿ ಉಂಗುರ ಮುಚ್ಚುತ್ತಾರೆ. ಆದರೆ ಉಂಗುರದ ಆಕಾರ ಇದ್ದ ಮಾತ್ರಕ್ಕೆ ಎಲೆಕ್ಟ್ರಾನ್‌ಗಳು ಇಡೀ ಸುತ್ತು ಒಂದಾಗುವುದಿಲ್ಲ. ಮಾಮೂಲಿ ಸ್ಥಿತಿಯಲ್ಲಿ ಪ್ರತಿ ಪೋರ್ಫಿರಿನ್ ತನ್ನ ಪಾಡಿಗೆ ಆರೊಮ್ಯಾಟಿಕ್ ಆಗಿರುತ್ತದೆ. ನಾಲ್ಕು ಎಲೆಕ್ಟ್ರಾನ್ ತೆಗೆದಾಗ ಇಡೀ ಉಂಗುರ ಆರೊಮ್ಯಾಟಿಕ್‌ಗೆ ಉಲ್ಟಾ, ಅಂದರೆ ಆಂಟಿಆರೊಮ್ಯಾಟಿಕ್ ಆಗುತ್ತದೆ, ಆರು ತೆಗೆದಾಗ ಆರೊಮ್ಯಾಟಿಕ್. 2017ರಲ್ಲಿ ಇದನ್ನು ಎನ್‌ಎಂಆರ್‌ನಲ್ಲಿ ತೋರಿಸಿದರು. ಅದು ಕಾಂತಕ್ಷೇತ್ರದ ಸುತ್ತು ಕರೆಂಟ್, ತುದಿಯಿಂದ ತುದಿಗೆ ಹೋಗುವ ಕರೆಂಟ್ ಅಲ್ಲ ಎಂಬುದು ಈಗ ನಿಮಗೆ ಗೊತ್ತು.

ಒಂಬತ್ತು ತಿಂಗಳಿಗೆ ಈ ಉಂಗುರವನ್ನು ನಾನು ಬೇಡ ಅನ್ನುತ್ತೇನೆ. ಹಂತಗಳು ಜಾಸ್ತಿ, ಕೊನೆಗೆ ಕೈಗೆ ಬರುವುದು ಕೆಲವೇ ಮಿಲಿಗ್ರಾಂ. ಅದಕ್ಕಿಂತ ದೊಡ್ಡ ತೊಡಕು ಕೊಕ್ಕೆಯದು. ಆರೂ ಪೋರ್ಫಿರಿನ್ ಒಂದೇ ತರ ಇರುವಾಗ, ಎದುರುಬದುರಿನ ಎರಡಕ್ಕೆ ಮಾತ್ರ ಕೊಕ್ಕೆ ಹಾಕುವುದು ಹೇಗೆ? ಹಾಕದಿದ್ದರೆ ಉಂಗುರ ಚಿನ್ನದ ಮೇಲೆ ಎಲ್ಲಿ ಕೂತಿದೆ, ಮೊನೆ ಎಲ್ಲಿ ಮುಟ್ಟಿತು ಎಂದೇ ತಿಳಿಯುವುದಿಲ್ಲ. ಎಲ್ಲಿ ಮುಟ್ಟಿತು ಎಂದು ತಿಳಿಯದ ಅಳತೆಯಿಂದ, ನೀವು ಕೇಳಿದ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರು ಉಂಗುರದ ಎರಡು ಅಣು ತೆಗೆದುಕೊಳ್ಳುತ್ತಿದ್ದೆ. ಎರಡೂ ಒಂದೇ ತರ, ನಡುವಿನ ಉಂಗುರ ಒಂದರಲ್ಲಿ 1,4, ಇನ್ನೊಂದರಲ್ಲಿ 1,3. ಒಂಟಿ ಬೆಂಜೀನ್ ಬೇಡ. ಅದು ಎಷ್ಟು ಚಿಕ್ಕದೆಂದರೆ ಅಣುವನ್ನು ಬಿಟ್ಟು ಚಿನ್ನದಿಂದ ಚಿನ್ನಕ್ಕೇ ನೇರವಾಗಿ ಎಲೆಕ್ಟ್ರಾನ್ ಹಾರಿ ಲೆಕ್ಕ ಕೆಡಿಸುತ್ತದೆ. ಎಸ್‌ಟಿಎಂ ಸಿಕ್ಕರೆ ಅದರಲ್ಲೇ ಅಳೆಯಿರಿ. ಇದರ ಅಪಾಯ ಏನೆಂದರೆ 1,3ರ ಗುಡ್ಡ ಉಪಕರಣದ ಗದ್ದಲದ ಕೆಳಗೆ ಮುಳುಗಬಹುದು. ಆಗ ‘ಇಷ್ಟಕ್ಕಿಂತ ಕಡಿಮೆ’ ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ.

ಎಸ್‌ಟಿಎಂ ಸಿಗದಿದ್ದರೆ ಅಣುಗಳ ಒಂದು ಪದರವನ್ನು ಚಿನ್ನದ ಮೇಲೆ ಕೂರಿಸಿ, ಮೇಲಿಂದ ಗ್ಯಾಲಿಯಂ-ಇಂಡಿಯಂ ದ್ರವಲೋಹದ ಮೊನೆ ತಾಗಿಸಿ ಅಳೆಯಬಹುದು. ಸುಲಭ, ಖರ್ಚು ಕಡಿಮೆ. ಆದರೆ ಆ ಲೋಹದ ಮೇಲೆ ಆಕ್ಸೈಡ್ ಪೊರೆ ಇರುತ್ತದೆ, ಕಣ್ಣಿಗೆ ಕಾಣುವ ಜಾಗದಲ್ಲಿ ನಿಜವಾಗಿ ಮುಟ್ಟಿರುವುದು ಚೂರೇ ಚೂರು. ಪದರದಲ್ಲಿ ಒಂದು ತೂತಿದ್ದರೂ ಕರೆಂಟ್ ಅಲ್ಲೇ ನುಗ್ಗುತ್ತದೆ. ಬೆಳಕು ಹಾಯಿಸಿ ಅಣುವಿನ ಒಂದು ತುದಿಯಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ಎಷ್ಟು ಬೇಗ ಹೋಯಿತು ಎಂದು ನೋಡುವ ವಿಧಾನವೂ ಇದೆ. ಅದರಲ್ಲಿ ಚಿನ್ನದ ರಗಳೆ ಇಲ್ಲ, ಆದರೆ ಸಿಗುವುದು ವೇಗ. ವೇಗವನ್ನು ನೇರವಾಗಿ ವಾಹಕತೆಗೆ ಬದಲಿಸಲು ಹೋಗಬೇಡಿ.

ಬರೀ ಕಂಪ್ಯೂಟರ್ ಲೆಕ್ಕ ಮಾಡಿದರೂ ಪ್ರಾಜೆಕ್ಟ್ ಆಗುತ್ತದೆ. ಹ್ಯೂಕೆಲ್‌ನಿಂದ ಶುರು ಮಾಡಿ, ಆಮೇಲೆ ಎಲೆಕ್ಟ್ರಾನ್ ಸಾಂದ್ರತೆಯಿಂದ ಲೆಕ್ಕ ಹಾಕುವ ಡಿಎಫ್‌ಟಿ. ಮಾಮೂಲಿ ಡಿಎಫ್‌ಟಿ ಆ ಕಂದಕವನ್ನು ಕಿರಿದು ಮಾಡಿ ತೋರಿಸುತ್ತದೆ. ಹಾಗಾಗಿ ವಾಹಕತೆ ಹತ್ತು, ಕೆಲವೊಮ್ಮೆ ನೂರು ಪಟ್ಟು ಜಾಸ್ತಿ ಬರುತ್ತದೆ. ಸಂಖ್ಯೆಯನ್ನು ಬಿಟ್ಟು ಎರಡು ಅಣುಗಳ ಅನುಪಾತ ನೋಡಿ.

ಎಸ್‌ಟಿಎಂ ದಾರಿ ಹಿಡಿದರೆ ಒಂದು ಎಚ್ಚರಿಕೆ. ನನ್ನ ಆರಂಭದ ದಿನಗಳಲ್ಲಿ 1,3 ಅಣುವಿನ ಹಿಸ್ಟೋಗ್ರಾಂನಲ್ಲಿ ಇರಬಾರದ ಜಾಗದಲ್ಲಿ ಒಂದು ಪುಟ್ಟ ಗುಡ್ಡ ಕಂಡಿತು. ಎರಡು ವಾರ ಅದಕ್ಕೆ ಕಾರಣ ಹುಡುಕಿದೆ. ಕೊಂಡು ತಂದ ಮೂಲ ಪುಡಿಯಲ್ಲೇ ಸ್ವಲ್ಪ 1,4 ಬೆರೆತಿತ್ತು. ಚೂರು ಬೆರಕೆಯೂ ನೂರು ಪಟ್ಟು ಜೋರಾಗಿ ಮಾತಾಡುತ್ತದೆ. ಅದಕ್ಕೇ ಹೇಳುವುದು, ಅಣುವನ್ನು ಹಾಕುವ ಮುಂಚೆ ಅದರ ಶುದ್ಧತೆ ನೋಡಿ. ಅದಕ್ಕೂ ಮುಂಚೆ, ಅಣುವೇ ಇಲ್ಲದ ಬರೀ ದ್ರಾವಕದಲ್ಲಿ ಕೆಲವು ಸಾವಿರ ಗ್ರಾಫ್ ತೆಗೆದಿಡಿ. ಅದರಲ್ಲಿ ಚಿನ್ನದ 77.5ರ ಮೆಟ್ಟಿಲು ಮಾತ್ರ ಕಂಡು, ಕೆಳಗೆ ನುಣುಪಾಗಿ ಇಳಿದಿದ್ದರೆ ಮುಂದುವರಿಯಿರಿ. ಅಲ್ಲೂ ಗುಡ್ಡ ಕಂಡರೆ ದ್ರಾವಕ ಹಾಕುವ ಸೆಲ್ ತೊಳೆದು ಮತ್ತೆ ಶುರು ಮಾಡಿ.